ಊರ ನಾಯಿಯ ರೋಗ, ಕಾಡಿನ ಮೃಗಕ್ಕೆ ಲಸಿಕೆ



ಹಿಂದಿನ ಸಭೆಯಲ್ಲಿ ಗೊಬ್ಬರ, ಮೈಲುತುತ್ತಗಳ ಮಾತು ಮುಗಿದು ಕಾಫಿ ಕುಡಿಯುತ್ತಿದ್ದಾಗ ಸದಸ್ಯರೊಬ್ಬರು ಒಂದು ಪ್ರಶ್ನೆ ಕೇಳಿದರು. ಅವರ ತೋಟದ ಮನೆಯಲ್ಲಿ ಒಂದೇ ತಿಂಗಳೊಳಗೆ ನಾಲ್ಕು ನಾಯಿಮರಿಗಳೂ ಅವುಗಳ ತಾಯಿಯೂ ಸತ್ತುಹೋದವು. ಮೊದಲು ಜ್ವರ, ಕಣ್ಣಲ್ಲಿ ಗೀಜು, ಮೂಗಲ್ಲಿ ಸಿಂಬಳ. ಆಮೇಲೆ ಕೆಮ್ಮು, ಭೇದಿ. ಕೊನೆಗೆ ಕೈಕಾಲು ಸೆಳೆತ. ಸತ್ತವನ್ನು ಆಳಿನ ಕೈಯಲ್ಲಿ ಹಳ್ಳದಾಚೆಯ ಕಾಡಿಗೆ ಹಾಕಿಸಿದರು. ವಾರ ಕಳೆದ ಮೇಲೆ ಅವರಿಗೆ ಯೋಚನೆ ಹತ್ತಿತು. "ಆ ಹೆಣವನ್ನು ಕೆನ್ನಾಯಿಯೋ ನರಿಯೋ ಮುಟ್ಟಿದ್ದರೆ ಅವಕ್ಕೂ ಜಡ್ಡು ಅಂಟುತ್ತದೆಯೇ? ಅಂಟಿದರೆ ಕಾಡಿನ ಪ್ರಾಣಿಗೆ ಸೂಜಿ ಹಾಕುವವರು ಯಾರು?" ಎಂದರು.

ಕೆಲವರು ನಕ್ಕರು. ನಾವು ನಗಲಿಲ್ಲ. ಸತ್ತ ನಾಯಿಯನ್ನು ಕಾಡಂಚಿಗೆ ಎಳೆದು ಹಾಕಿ ಬಂದವರಲ್ಲಿ ನಾವೂ ಸೇರಿದ್ದೇವೆ. ಅಂದು ಕೊಡಲಾಗದ ಉತ್ತರವನ್ನು ಈ ಸಂಚಿಕೆಯ ಪಾಠವಾಗಿ ಕೊಡುತ್ತಿದ್ದೇವೆ. ಉತ್ತರ ಚಿಕ್ಕದಾಗಿ ಹೇಳುವುದಾದರೆ ಇಷ್ಟು: ರೋಗ ಅಂಟುವುದುಂಟು, ಕಾಡಿನ ಪ್ರಾಣಿಗೆ ಲಸಿಕೆ ಹಾಕಿದ್ದೂ ಉಂಟು, ಆದರೆ ಅದು ಕೊನೆಯ ಉಪಾಯ, ಮೊದಲ ಕೆಲಸ ನಮ್ಮ ಅಂಗಳದಲ್ಲಿದೆ.

ರೋಗಗಳು ಯಾವುವು?

ಊರ ನಾಯಿಗೂ ಕಾಡಿನ ಮಾಂಸಾಹಾರಿ ಪ್ರಾಣಿಗಳಿಗೂ ಸಾಮಾನ್ಯವಾದ ವೈರಸ್ ರೋಗಗಳಲ್ಲಿ ಮೂರು ಮುಖ್ಯವಾದುವು.

ಮೊದಲನೆಯದು ಹುಚ್ಚುನಾಯಿ ರೋಗ, ಅಂದರೆ ರೇಬೀಸ್. ಇದು ಕಚ್ಚಿದಾಗ ಜೊಲ್ಲಿನ ಮೂಲಕ ಹರಡುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲವೆಂಬುದು ಎಲ್ಲರಿಗೂ ತಿಳಿದ ವಿಷಯ. ಮನುಷ್ಯನಿಗೂ ಇದು ಅಷ್ಟೇ ಮಾರಕ.

ಎರಡನೆಯದು ಡಿಸ್ಟೆಂಪರ್. ಮೇಲೆ ಹೇಳಿದ ಸದಸ್ಯರ ಮನೆಯ ನಾಯಿಗಳಲ್ಲಿ ಕಂಡ ಲಕ್ಷಣಗಳು ಈ ರೋಗದವೇ. ಇದರ ವೈರಸ್ಸು ಮನುಷ್ಯರ ದಡಾರ ಮತ್ತು ದನಗಳ ದೊಡ್ಡರೋಗದ ವೈರಸ್ಸುಗಳ ಹತ್ತಿರದ ನೆಂಟ. ಕೆಮ್ಮು, ಸೀನುಗಳ ಹನಿಯಿಂದ ಹರಡುತ್ತದೆ. ಮನುಷ್ಯರಿಗೆ ಇದರಿಂದ ಭಯವಿಲ್ಲ. ಆದರೆ ನಾಯಿ, ನರಿ, ತೋಳ, ಕೆನ್ನಾಯಿಗಳಿಗೆ ಮಾತ್ರವಲ್ಲ, ಸಿಂಹ, ಹುಲಿ, ಚಿರತೆಗಳಿಗೂ ಇದು ಬರುತ್ತದೆ.

ಮೂರನೆಯದು ಪಾರ್ವೊ. ವಾಂತಿ ಮತ್ತು ರಕ್ತಭೇದಿಯಿಂದ ಎಳೆಯ ಮರಿಗಳನ್ನು ಕೊಲ್ಲುವ ಈ ರೋಗ ನಾಯಿಗಳಲ್ಲಿ ಗುರುತಿಸಲ್ಪಟ್ಟದ್ದು 1978ರಲ್ಲಿ; ಎರಡೇ ವರ್ಷಗಳಲ್ಲಿ ಪ್ರಪಂಚವನ್ನೆಲ್ಲ ಸುತ್ತಿತು. ಡಿಸ್ಟೆಂಪರ್ ವೈರಸ್ಸು ಬಿಸಿಲಿಗೆ ಬೇಗ ಸಾಯುತ್ತದೆ. ಪಾರ್ವೊ ಹಾಗಲ್ಲ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ರೋಗದ ಬೇರು ಎಲ್ಲಿದೆ?

ಬೆರಿ ಬೋರರ್ ಕಂಡ ಕಾಫಿ ಬೆಳೆಗಾರರಿಗೆ ಈ ಮಾತು ಸುಲಭವಾಗಿ ತಿಳಿಯುತ್ತದೆ. ಕೊಯ್ಲಾದ ಮೇಲೆ ಗಿಡದಲ್ಲೂ ನೆಲದಲ್ಲೂ ಉಳಿದ ಹಣ್ಣಿನಲ್ಲಿ ಹುಳು ಬದುಕಿಕೊಂಡು ಮುಂದಿನ ಫಸಲಿಗೆ ಏರುತ್ತದೆ. ಉಳಿಕೆ ಹಣ್ಣನ್ನು ಆರಿಸದೆ ಎಷ್ಟು ಮದ್ದು ಹೊಡೆದರೂ ಪ್ರಯೋಜನ ಅಷ್ಟಕ್ಕಷ್ಟೆ.

ವೈರಸ್ಸಿಗೂ ಇಂತಹ ಉಳಿಕೆಯ ಜಾಗ ಬೇಕು. ಕಾಡಿನಲ್ಲಿ ಐವತ್ತು ನೂರು ತೋಳಗಳಿರುವ ಕಡೆ ರೋಗ ಹೊಕ್ಕರೆ ಕೆಲವು ಸಾಯುತ್ತವೆ, ಕೆಲವು ಚೇತರಿಸಿಕೊಳ್ಳುತ್ತವೆ. ಹೊಸದಾಗಿ ಹಿಡಿಯಲು ಪ್ರಾಣಿಯಿಲ್ಲದೆ ರೋಗವೂ ಆರಿಹೋಗುತ್ತದೆ. ಊರ ನಾಯಿಗಳ ಸಂಗತಿ ಬೇರೆ. ಅವು ಸಾವಿರಗಟ್ಟಲೆ ಇವೆ. ತಿಂಗಳು ತಿಂಗಳೂ ಎಲ್ಲೋ ಒಂದು ಕಡೆ ಹೊಸ ಮರಿಗಳು ಹುಟ್ಟುತ್ತಲೇ ಇರುತ್ತವೆ. ಆದುದರಿಂದ ವೈರಸ್ಸಿಗೆ ಎಂದೂ ಬರಗಾಲವಿಲ್ಲ. ಅಲ್ಲಿಂದ ಅದು ಆಗಾಗ ಕಾಡಿಗೆ ದಾಟುತ್ತದೆ. ಊರಿನಲ್ಲಿ ಹತ್ತು ನಾಯಿ ಸತ್ತರೆ ಮುಂದಿನ ವರ್ಷ ಹತ್ತು ಬರುತ್ತವೆ. ಕಾಡಿನಲ್ಲಿ ಇರುವುದೇ ನೂರಾದರೆ ಹೋದವು ತಿರುಗಿ ಬರುವುದು ಕಷ್ಟ.

ಕಾಫಿಯ ತವರಿನ ತೋಳಗಳು

ಇದಕ್ಕೆ ಚೆನ್ನಾಗಿ ತಿಳಿದುಬಂದಿರುವ ಉದಾಹರಣೆ ಇಥಿಯೋಪಿಯ ದೇಶದ್ದು. ಬಾಬಾಬುಡನ್ ಯೆಮೆನ್ ದೇಶದಿಂದ ಏಳು ಬೀಜ ತಂದರೆಂಬ ಪ್ರತೀತಿ ನಮ್ಮ ಸೀಮೆಯಲ್ಲಿದೆ. ಆ ಯೆಮೆನ್‌ಗೂ ಅರೇಬಿಕಾ ಹೋದದ್ದು ಕೆಂಪು ಸಮುದ್ರದಾಚೆಯ ಇಥಿಯೋಪಿಯದಿಂದ. ಅಲ್ಲಿನ ಬಾಲೆ ಪರ್ವತದ ದಕ್ಷಿಣ ಇಳಿಜಾರಿನ ಹರೆನ್ನ ಕಾಡಿನಲ್ಲಿ ಇಂದಿಗೂ ಕಾಡುಕಾಫಿ ಬೆಳೆಯುತ್ತದೆ. ಆ ಕಾಡನ್ನು ದಾಟಿ ಮೇಲೇರಿದರೆ ಸಮುದ್ರಮಟ್ಟದಿಂದ ಸುಮಾರು 4,000 ಮೀಟರ್ ಎತ್ತರದಲ್ಲಿ ಮರವಿಲ್ಲದ ಬಯಲು. ಇಥಿಯೋಪಿಯದ ತೋಳ ಇರುವುದು ಅಲ್ಲಿ. ಕೆಂಪು ಮೈ, ಉದ್ದ ಕಾಲು, ಚೂಪು ಮೂತಿಯ ಈ ಪ್ರಾಣಿ ನೆಲದಡಿ ಬಿಲ ತೋಡುವ ಇಲಿ ಹೆಗ್ಗಣಗಳನ್ನು ತಿಂದು ಬದುಕುತ್ತದೆ. ಪ್ರಪಂಚದಲ್ಲೇ ಸುಮಾರು 500 ಮಾತ್ರ ಇವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲೆ ಪರ್ವತದಲ್ಲಿ.

ಈ ತೋಳ ಹಗಲು ಒಂಟಿಯಾಗಿ ಬೇಟೆಯಾಡಿದರೂ ಬೆಳಗು ಬೈಗು ಹಿಂಡಿನಲ್ಲಿ ಸೇರಿ ಒಂದನ್ನೊಂದು ಮೂಸಿ ನೆಕ್ಕಿ ಕಾಲ ಕಳೆಯುತ್ತದೆ. ಒಂದಕ್ಕೆ ರೋಗ ಬಂದರೆ ಹಿಂಡಿಗೇ ಬಂದಂತೆ. ಅದೇ ಬಯಲಿಗೆ ದನ, ಕುರಿ, ಆಡುಗಳನ್ನು ಹೊಡೆದುಕೊಂಡು ಬರುವ ಜನರ ಜೊತೆ ನಾಯಿಗಳೂ ಬರುತ್ತವೆ. ಕತ್ತೆಕಿರುಬದಿಂದ ಮಂದೆಯನ್ನು ಕಾಯಲು ಅವರಿಗೆ ನಾಯಿ ಬೇಕೇ ಬೇಕು. ಆದರೆ ಅದಕ್ಕೆ ಹೊಟ್ಟೆ ತುಂಬ ಹಾಕುವವರಿಲ್ಲ. ಅದು ಅಲೆದು ತಿನ್ನುತ್ತದೆ, ಅಲೆಯುವಾಗ ತೋಳವನ್ನು ಸಂಧಿಸುತ್ತದೆ. ನಮ್ಮ ತೋಟದ ನಾಯಿಗಳ ಪಾಡೂ ಇದಕ್ಕಿಂತ ಬಹಳ ಬೇರೆಯೇನಲ್ಲ.

1991-92ರಲ್ಲಿ ಬಾಲೆಯಲ್ಲಿ ರೇಬೀಸ್ ಎದ್ದಿತು. ರೋಗ ಹೊಕ್ಕ ಕಣಿವೆಗಳಲ್ಲಿ ತೋಳಗಳ ಮುಕ್ಕಾಲು ಪಾಲಿನಷ್ಟು ಅಳಿದುಹೋದವು. ಇದಾದ ಮೇಲೆ 1995ರಲ್ಲಿ ಆರಂಭವಾದ ತೋಳ ಸಂರಕ್ಷಣಾ ಯೋಜನೆಯವರು ಸುತ್ತಲ ಹಳ್ಳಿಗಳ ನಾಯಿಗಳಿಗೆ ಲಸಿಕೆ ಹಾಕತೊಡಗಿದರು. ಅದರಿಂದ ಜನರಿಗೂ ದನಗಳಿಗೂ ಉಪಕಾರವಾಯಿತು. ಆದರೂ ಮೇವಿನ ಕಾಲಕ್ಕೆ ದೂರದ ಊರುಗಳಿಂದ ಬರುವ ನಾಯಿಗಳು, ಹೊಸದಾಗಿ ಹುಟ್ಟುವ ಮರಿಗಳು ಲಸಿಕೆಗೆ ಸಿಕ್ಕದೆ ಉಳಿಯುತ್ತಿದ್ದವು. 2003ರಲ್ಲಿ ವೆಬ್ ಕಣಿವೆಯಲ್ಲಿ ರೇಬೀಸ್ ಮತ್ತೆ ಕಾಣಿಸಿಕೊಂಡಿತು.

ಎಷ್ಟು ಪ್ರಾಣಿಗೆ ಹಾಕಿದರೆ ಸಾಕು?

ಊರ ನಾಯಿಗಳಲ್ಲಿ ರೇಬೀಸ್ ತಡೆಯಬೇಕಾದರೆ ನೂರಕ್ಕೆ ಎಪ್ಪತ್ತಕ್ಕಾದರೂ ಲಸಿಕೆ ಬೀಳಬೇಕೆಂಬುದು ಎಲ್ಲೆಡೆ ಒಪ್ಪಿದ ಲೆಕ್ಕ. ಪರ್ವತದ ಮೇಲೆ ಅಲೆಯುವ ತೋಳಗಳಲ್ಲಿ ನೂರಕ್ಕೆ ಎಪ್ಪತ್ತನ್ನು ಹಿಡಿಯುವುದೆಂದರೆ ಆಗದ ಮಾತು. ಇಲ್ಲಿ ವಿಜ್ಞಾನಿಗಳು ಪ್ರಶ್ನೆಯನ್ನೇ ಬದಲಾಯಿಸಿದರು. "ರೋಗವನ್ನು ಪೂರ್ತಿ ಅಳಿಸಲು ಎಷ್ಟು ಬೇಕು?" ಎಂಬುದರ ಬದಲು "ತೋಳದ ಸಂತತಿ ಮತ್ತೆ ಏಳಲಾಗದಷ್ಟು ಕುಸಿಯದಂತೆ ಕಾಯಲು ಎಷ್ಟು ಬೇಕು?" ಎಂದು ಕೇಳಿಕೊಂಡರು. 2002ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ನೂರಕ್ಕೆ 20ರಿಂದ 40 ತೋಳಗಳಿಗೆ ಲಸಿಕೆ ಬಿದ್ದರೂ ಅತಿ ದೊಡ್ಡ ಪಿಡುಗುಗಳನ್ನು ತಪ್ಪಿಸಬಹುದಾಗಿತ್ತು.

ಮರುವರ್ಷವೇ ಆ ಲೆಕ್ಕ ಪರೀಕ್ಷೆಗೆ ಬಂತು. ವೆಬ್ ಕಣಿವೆಯಲ್ಲಿ ತೋಳಗಳು ಸಾಯುತ್ತಿರುವಾಗ, ಆ ಕಣಿವೆಯಿಂದ ಇತರ ಬಯಲುಗಳಿಗೆ ಹೋಗುವ ಇಕ್ಕಟ್ಟು ದಾರಿಯ ಹಿಂಡುಗಳನ್ನು ಆರಿಸಿಕೊಂಡು, ಕಾಲಿಗೆ ಪೆಟ್ಟಾಗದಂತಹ ಬೋನುಗಳಲ್ಲಿ ಹಿಡಿದು, ಸೂಜಿ ಹಾಕಿ ಬಿಟ್ಟರು. ಲಸಿಕೆ ಪಡೆದವು ಎಪ್ಪತ್ತರ ಆಸುಪಾಸು. ಕಾಡಿಗೆ ಬೆಂಕಿ ಬಿದ್ದಾಗ ಉರಿಯುವ ಜಾಗವನ್ನು ಬಿಟ್ಟು ಮುಂದೆ ಬೆಂಕಿಗೆರೆ ಸವರುವುದಿಲ್ಲವೇ, ಇದೂ ಹಾಗೆಯೇ. ವೆಬ್ ಕಣಿವೆಯ ತೋಳಗಳಲ್ಲಿ ಸುಮಾರು ಮುಕ್ಕಾಲು ಪಾಲು ಹೋದರೂ ಉಳಿದ ಬಯಲುಗಳ ಹಿಂಡುಗಳು ಉಳಿದುಕೊಂಡವು.

ಆದರೆ ಗೆರೆ ಒಮ್ಮೆ ಸವರಿದರೆ ತೀರಿತೆಂದಲ್ಲ. 2008-09ರಲ್ಲಿ ರೇಬೀಸ್, 2010ರಲ್ಲಿ ಡಿಸ್ಟೆಂಪರ್, 2014ರಲ್ಲಿ ಮತ್ತೆ ರೇಬೀಸ್, ಅದರ ಬೆನ್ನಿಗೇ 2015ರಲ್ಲಿ ಡಿಸ್ಟೆಂಪರ್ ಬಾಲೆಯ ತೋಳಗಳ ಮೇಲೆ ಬಂದವು. ರೋಗ ಎದ್ದ ಮೇಲೆ ಓಡುವುದಕ್ಕಿಂತ ಮೊದಲೇ ಕಾಯುವುದು ಲೇಸೆಂದು ಅಲ್ಲಿನವರು ಬೇರೊಂದು ದಾರಿ ಹಿಡಿದರು.

ತಿಂಡಿಯಲ್ಲಿ ಲಸಿಕೆ

ಬಾಯಿಯ ಮೂಲಕ ಕೊಡುವ ಲಸಿಕೆ ಮೊದಲು ಕಾಡಿನಲ್ಲಿ ಬಳಕೆಗೆ ಬಂದದ್ದು ಸ್ವಿಟ್ಜರ್ಲೆಂಡಿನಲ್ಲಿ, 1978ರ ಅಕ್ಟೋಬರಿನಲ್ಲಿ. ಆಗ ಯೂರೋಪಿನಲ್ಲಿ ರೇಬೀಸ್ ಹರಡುತ್ತಿದ್ದುದು ನರಿಗಳಿಂದ. ನರಿಗಳನ್ನು ಕೊಲ್ಲುವ ಪ್ರಯತ್ನಗಳು ಫಲ ಕೊಡಲಿಲ್ಲ. ಖಾಲಿಯಾದ ಜಾಗಕ್ಕೆ ಹೊಸ ನರಿಗಳು ಬಂದು ಸೇರುತ್ತಿದ್ದವು. ಕೊನೆಗೆ ಕೋಳಿಯ ತಲೆಗಳಲ್ಲಿ ಲಸಿಕೆಯ ಪೊಟ್ಟಣವನ್ನಿಟ್ಟು ರೋನ್ ನದಿಯ ಕಣಿವೆಯಲ್ಲಿ ಹಂಚಿದರು. ಪ್ರಯೋಗ ಫಲಿಸಿತು. ವರ್ಷ ವರ್ಷವೂ ಬಿಡದೆ ಮಾಡಿದ್ದರಿಂದ 1999ರಲ್ಲಿ ಆ ದೇಶ ರೇಬೀಸ್‌ನಿಂದ ಮುಕ್ತವೆಂದು ಘೋಷಿಸಿಕೊಂಡಿತು. ಬೇರೆ ದೇಶಗಳೂ ಅದೇ ದಾರಿ ಹಿಡಿದವು.

ಇದು ಕೆಲಸ ಮಾಡುವ ಬಗೆ ಹೀಗೆ. ಪ್ರಾಣಿ ಮಾಂಸವನ್ನು ಅಗಿಯುವಾಗ ಪೊಟ್ಟಣ ಒಡೆದು ಲಸಿಕೆಯ ದ್ರವ ಬಾಯಿ, ಗಂಟಲುಗಳಿಗೆ ತಾಗುತ್ತದೆ. ಅಲ್ಲಿಂದಲೇ ದೇಹ ರೋಗವನ್ನು ಗುರುತಿಸಲು ಕಲಿಯುತ್ತದೆ. ಇಡಿಯಾಗಿ ನುಂಗಿ ಹೊಟ್ಟೆಗೆ ಹೋದರೆ ಪ್ರಯೋಜನವಿಲ್ಲ. ಆದುದರಿಂದ ಆಯಾ ಪ್ರಾಣಿ ಏನನ್ನು ಇಷ್ಟಪಟ್ಟು ಅಗಿಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಬಾಲೆಯಲ್ಲಿ ಆಡಿನ ಮಾಂಸ ಹಿಡಿಸಿತು. ಹಲವು ವರ್ಷಗಳ ಪರೀಕ್ಷೆಯ ನಂತರ 2018ರಿಂದ ತೋಳಗಳಿಗೆ ರೇಬೀಸ್ ಲಸಿಕೆಯನ್ನು ಆಡಿನ ಮಾಂಸದಲ್ಲಿಟ್ಟು ರಾತ್ರಿ ವೇಳೆ ಹಂಚುವ ಕ್ರಮ ಆರಂಭವಾಯಿತು. ಸುತ್ತಲ ಹಳ್ಳಿಗಳ ಸಾವಿರಾರು ನಾಯಿಗಳಿಗೆ ಲಸಿಕೆ ಹಾಕುವ ಕೆಲಸವನ್ನು ಅದಕ್ಕಾಗಿ ಬಿಡಲಿಲ್ಲ ಎಂಬುದನ್ನು ಗಮನಿಸಬೇಕು.

ಎಚ್ಚರ ಬೇಕಾದ ಕಡೆಗಳು

ಲಸಿಕೆ ಎಂದ ಮಾತ್ರಕ್ಕೆ ಎಲ್ಲ ಪ್ರಾಣಿಗೂ ಒಳ್ಳೆಯದೆಂದು ತಿಳಿಯಬಾರದು. ರೇಬೀಸ್‌ಗೆ ನಾವು ನಾಯಿಗೆ ಹಾಕಿಸುವ ಸೂಜಿಯಲ್ಲಿರುವುದು ಸತ್ತ ವೈರಸ್ಸು. ಡಿಸ್ಟೆಂಪರ್ ಲಸಿಕೆಗಳಲ್ಲಿ ಸಾಮಾನ್ಯವಾಗಿ ಇರುವುದು ಬದುಕಿರುವ, ಆದರೆ ಬಲಗುಂದಿಸಿದ ವೈರಸ್ಸು. ನಾಯಿಗೆ ಅದು ನಿರಪಾಯ. ಬೇರೆ ಪ್ರಾಣಿಗೆ ಹಾಗಾಗದಿರಬಹುದು. ಅಮೆರಿಕದಲ್ಲಿ ಕರಿಗಾಲು ಫೆರೆಟ್ ಎಂಬ, ಮುಂಗುಸಿಯನ್ನು ಹೋಲುವ ಪ್ರಾಣಿಯಿದೆ. 1970ರ ದಶಕದ ಆರಂಭದಲ್ಲಿ ಅದನ್ನು ಉಳಿಸಲೆಂದು ಆರನ್ನು ಹಿಡಿದು ತಂದು ಡಿಸ್ಟೆಂಪರ್ ಲಸಿಕೆ ಹಾಕಿದರು. ಸಾಕಿದ ಫೆರೆಟ್‌ಗಳಿಗೆ ಒಗ್ಗಿದ ಲಸಿಕೆಯೇ ಅದು. ಆದರೂ ಆರರಲ್ಲಿ ನಾಲ್ಕು ಲಸಿಕೆಯಿಂದಲೇ ರೋಗ ಬಂದು ಸತ್ತವು. ಮುಂದೆ 1985ರಲ್ಲಿ ವಯೋಮಿಂಗ್ ಪ್ರಾಂತದಲ್ಲಿ ಉಳಿದಿದ್ದ ಕೊನೆಯ ಗುಂಪಿಗೂ ಡಿಸ್ಟೆಂಪರ್ ತಗಲಿತು. 1987ರ ವೇಳೆಗೆ ಹಿಡಿದು ಉಳಿಸಿಕೊಂಡದ್ದು 18 ಮಾತ್ರ. ಇಂದಿನ ಕರಿಗಾಲು ಫೆರೆಟ್‌ಗಳು ಬಹುಮಟ್ಟಿಗೆ ಅವುಗಳಲ್ಲಿ ಕೆಲವದರ ಸಂತತಿ. ಇಂತಹ ಅನುಭವದಿಂದ, ಡಿಸ್ಟೆಂಪರ್ ವೈರಸ್ಸಿನ ಒಂದು ಭಾಗವನ್ನು ಮಾತ್ರ ಹೊತ್ತು ರೋಗವನ್ನೇ ತರಲಾರದ ಬೇರೆ ಬಗೆಯ ಲಸಿಕೆಗಳು ಈಗ ಬಳಕೆಗೆ ಬಂದಿವೆ.

ಎರಡನೆಯ ಎಚ್ಚರ, ರೋಗದ ಮೂಲವನ್ನು ಸರಿಯಾಗಿ ತಿಳಿಯುವುದು. ಟಾಂಜಾನಿಯದ ಸೆರೆಂಗೆಟಿಯಲ್ಲಿ 1994ರಲ್ಲಿ ಡಿಸ್ಟೆಂಪರ್ ಬಂದು ಸುಮಾರು ಸಾವಿರ ಸಿಂಹಗಳು, ಅಂದರೆ ಅಲ್ಲಿದ್ದ ಸಿಂಹಗಳಲ್ಲಿ ಮೂರನೆಯ ಒಂದು ಭಾಗ, ಸತ್ತವು. ಸುತ್ತಲ ಹಳ್ಳಿಗಳ ನಾಯಿಗಳಿಗೆ ವರ್ಷಗಟ್ಟಲೆ ಲಸಿಕೆ ಹಾಕಿದ ಮೇಲೆ ನಾಯಿಗಳಲ್ಲಿ ರೋಗ ಕಡಮೆಯಾಯಿತು. ಆದರೆ ಸಿಂಹಗಳಿಗೆ ವೈರಸ್ಸು ತಗಲುವುದು ಪೂರ್ತಿ ನಿಲ್ಲಲಿಲ್ಲವೆಂದು 2015ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಬೇರೆ ಕಾಡುಪ್ರಾಣಿಗಳೂ ಅದನ್ನು ಹೊತ್ತಿರಬೇಕು. ರಷ್ಯದ ಪೂರ್ವ ತುದಿಯ ಹುಲಿಗಳ ವಿಷಯದಲ್ಲಿಯೂ, ವೈರಸ್ಸಿನ ಮುಖ್ಯ ಮೂಲ ಊರ ನಾಯಿಗಿಂತ ಕಾಡಿನ ಸಣ್ಣ ಮಾಂಸಾಹಾರಿಗಳೇ ಎಂದು 2020ರಲ್ಲಿ ಕಂಡುಬಂದಿತು. ಅವಕ್ಕೆಲ್ಲ ಲಸಿಕೆ ಹಾಕುವ ದಾರಿಯಿಲ್ಲ. ಆದುದರಿಂದ ಬೇರೆ ಕಾರಣಕ್ಕೆ ಕೈಗೆ ಸಿಕ್ಕ ಹುಲಿಗಳಿಗೇ ಲಸಿಕೆ ಹಾಕಬೇಕು, ವರ್ಷಕ್ಕೆ ಎರಡಕ್ಕೆ ಹಾಕಿದರೂ ಸಣ್ಣ ಗುಂಪೊಂದು ಐವತ್ತು ವರ್ಷಗಳಲ್ಲಿ ಅಳಿಯುವ ಅಪಾಯ ನೂರಕ್ಕೆ 16ರ ಸುಮಾರಿನಿಂದ 6ರ ಸುಮಾರಿಗೆ ಇಳಿಯುತ್ತದೆ ಎಂದು ಆ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ನಮ್ಮ ದೇಶದ ಸಂಗತಿ

ಇದು ದೂರದ ದೇಶಗಳ ಮಾತೆಂದು ಸುಮ್ಮನಿರುವಂತಿಲ್ಲ. ಏಷ್ಯದ ಸಿಂಹಗಳು ಕಾಡಿನಲ್ಲಿ ಉಳಿದಿರುವುದು ಗುಜರಾತಿನಲ್ಲಿ ಮಾತ್ರ. ಅಲ್ಲಿನ ಗಿರ್ ಕಾಡಿನ ದಳಖಾನಿಯ ವಲಯದಲ್ಲಿ 2018ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಕೆಲವೇ ವಾರಗಳಲ್ಲಿ 23 ಸಿಂಹಗಳು ಸತ್ತವು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಪರೀಕ್ಷೆಯಲ್ಲಿ ಡಿಸ್ಟೆಂಪರ್ ವೈರಸ್ಸು ಪತ್ತೆಯಾಯಿತು. ಕೆಲವದರಲ್ಲಿ ಉಣ್ಣೆಯಿಂದ ಬರುವ ಜ್ವರವೂ ಇತ್ತು. ಹೊರದೇಶದಿಂದ ಲಸಿಕೆ ತರಿಸಿ, ಹಿಡಿದಿಟ್ಟುಕೊಂಡಿದ್ದ ಸಿಂಹಗಳಿಗೆ ಹಾಕಬೇಕಾಯಿತು. ನಮ್ಮ ನೆರೆಯ ಮಹಾರಾಷ್ಟ್ರದ ಸೊಲ್ಲಾಪುರದ ಬಳಿ ನಾಯಿಗಳ ಮತ್ತು ಗುಳ್ಳೆನರಿಗಳ ರಕ್ತ ಪರೀಕ್ಷಿಸಿದಾಗ, ಬಹುಪಾಲು ನಾಯಿಗಳು ಡಿಸ್ಟೆಂಪರ್, ಪಾರ್ವೊಗಳನ್ನು ಕಂಡವೇ ಆಗಿದ್ದವು. ಗುಳ್ಳೆನರಿಗಳಲ್ಲಿಯೂ ಅದೇ ರೋಗಗಳ ಗುರುತು ಸಿಕ್ಕಿತು.

ಮಲೆನಾಡಿನ ತೋಟಗಳಿಗೂ ಕಾಡಿಗೂ ನಡುವೆ ಇರುವುದು ಒಂದು ಅಗಳು ಅಥವಾ ಒಂದು ಹಳ್ಳ. ನಮ್ಮ ನಾಯಿ ಹಂದಿಯ ಬೆನ್ನು ಹತ್ತಿ ಆಚೆ ಹೋಗುತ್ತದೆ. ಚಿರತೆ ನಾಯಿಯ ಆಸೆಗೆ ಈಚೆ ಬರುತ್ತದೆ. ರೋಗದ ನಾಯಿಯನ್ನು ಹೊತ್ತ ಚಿರತೆ ರೋಗವನ್ನೂ ಹೊತ್ತುಕೊಂಡು ಹೋದೀತು. ಕೆನ್ನಾಯಿಯಂತೂ ಹಿಂಡಿನಲ್ಲಿ ಬಾಳುವ ಪ್ರಾಣಿ. ಬಾಲೆಯ ತೋಳಕ್ಕೆ ಬಂದ ಗತಿ ಅದಕ್ಕೂ ಬರಬಾರದೆಂದಿಲ್ಲ. ಹಂದಿ, ಕಡವೆಗಳನ್ನು ಬೇಟೆಯಾಡುವ ಈ ಪ್ರಾಣಿಗಳು ಹೋದರೆ ತೋಟಕ್ಕೆ ಲಾಭವಿಲ್ಲವೆಂಬುದನ್ನು ಬೆಳೆಗಾರರಿಗೆ ಹೇಳಬೇಕಾಗಿಲ್ಲ.

ನಮ್ಮ ಪಾಲಿನ ಕೆಲಸ

ಅಡಿಕೆಗೆ ಕೊಳೆ ಬಂದ ಮೇಲೆ ಬೋರ್ಡೋ ಹೊಡೆದು ಪ್ರಯೋಜನವೇನು? ಮಳೆ ಹಿಡಿಯುವ ಮೊದಲೇ ಕೊನೆಗೆ ದ್ರಾವಣ ಬೀಳಬೇಕು. ಲಸಿಕೆಯೂ ಹಾಗೆಯೇ. ಅದು ಮದ್ದಲ್ಲ, ಮುನ್ನೆಚ್ಚರಿಕೆ. ಸದಸ್ಯರು ಈ ಕೆಳಗಿನ ಅಂಶಗಳನ್ನು ಪಾಲಿಸಬೇಕೆಂದು ಕೋರುತ್ತೇವೆ.

1. ಮರಿಗೆ ಆರರಿಂದ ಎಂಟು ವಾರವಾದಾಗ ಡಿಸ್ಟೆಂಪರ್, ಪಾರ್ವೊ ಲಸಿಕೆ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ಮುಂದುವರಿಸಬೇಕು. ಒಂದೇ ಸೂಜಿ ಹಾಕಿಸಿ ಬಿಡುವುದು ಸಾಲದು. ತಾಯಿಯ ಹಾಲಿನಿಂದ ಬಂದ ಶಕ್ತಿ ಮರಿಯ ಮೈಯಲ್ಲಿರುವಾಗ ಲಸಿಕೆ ಹತ್ತದೆ ಹೋಗಬಹುದು. ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ, ಮುಂದಿನದನ್ನು ಪಶುವೈದ್ಯರು ಹೇಳಿದ ದಿನಕ್ಕೆ ತಪ್ಪಿಸಬಾರದು.

2. ಯಜಮಾನರ ಮನೆಯ ನಾಯಿಗೆ ಮಾತ್ರ ಹಾಕಿಸಿದರೆ ಸಾಲದು. ಲೈನು ಮನೆಗಳ ನಾಯಿ, ಪೇಟೆ ಬದಿಯ ನಾಯಿಗಳೂ ಲೆಕ್ಕಕ್ಕೆ ಬರಬೇಕು. ನೂರಕ್ಕೆ ಎಪ್ಪತ್ತು ತಲಪುವುದು ಒಬ್ಬರಿಂದ ಆಗುವ ಕೆಲಸವಲ್ಲ, ಇಂತಹುದಕ್ಕೇ ಸಂಘವಿರುವುದು.

3. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಜೀಪಿನಲ್ಲಿ ಬಿಸಿಲಿಗೆ ಬಿದ್ದ ಲಸಿಕೆಯನ್ನು ಹಾಕಿಸಿದರೂ ಹಾಕಿಸದಂತೆಯೇ.

4. ರಾತ್ರಿ ನಾಯಿಯನ್ನು ಗೂಡಿನಲ್ಲಿ ಕೂಡಬೇಕು. ಹೊಟ್ಟೆ ತುಂಬ ಅನ್ನ ಹಾಕಬೇಕು. ಮರಿ ಬೇಡದಿದ್ದರೆ ಶಸ್ತ್ರಚಿಕಿತ್ಸೆ ಮಾಡಿಸಬೇಕು. ಮರಿಗಳನ್ನು ಕಾಡಂಚಿಗೆ ಬಿಟ್ಟು ಬರಬಾರದು.

5. ಸತ್ತ ನಾಯಿಯನ್ನು ಕಾಡಿಗೂ ಹಳ್ಳಕ್ಕೂ ಹಾಕದೆ ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು. ಬರಿಗೈಯಲ್ಲಿ ಮುಟ್ಟಬಾರದು.

6. ತತ್ತರಿಸುವ, ಮನುಷ್ಯರ ಭಯವಿಲ್ಲದೆ ಹಗಲಲ್ಲಿ ಅಂಗಳಕ್ಕೆ ಬರುವ ನರಿ, ಕೆನ್ನಾಯಿ, ಕಾಡುಬೆಕ್ಕು ಕಂಡರೆ ಹತ್ತಿರ ಹೋಗದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಕಾಡಿನ ಮರಿ ಸಿಕ್ಕಿತೆಂದು ನಾಯಿಯ ಲಸಿಕೆ ಹಾಕಿಸಲು ಹೋಗಲೇಬಾರದು. ಫೆರೆಟ್‌ನ ಕತೆ ನೆನಪಿರಲಿ.

7. ಯಾವುದೇ ಪ್ರಾಣಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಕಾಫಿಪುಡಿ ಹಚ್ಚಿ ಕೂರಬಾರದು.

ಕೊನೆಯ ಮಾತು

ಸಭೆಯಲ್ಲಿ ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಕಾಡಿನ ಪ್ರಾಣಿಗೆ ಸೂಜಿ ಹಾಕುವುದು ಸರ್ಕಾರದ, ವಿಜ್ಞಾನಿಗಳ ಕೆಲಸ. ಅದೂ ಸಂತತಿ ಅಳಿಯುವ ಹೊತ್ತಿಗೆ, ಬಹಳ ಎಚ್ಚರದಿಂದ ಮಾಡುವ ಕೆಲಸ. ಅಂತಹ ಹೊತ್ತು ಬಾರದಂತೆ ನೋಡಿಕೊಳ್ಳುವುದರಲ್ಲಿ ನಮ್ಮ ಪಾಲೂ ಇದೆ. ನಾಯಿಗೆ ಹಾಕಿಸಿದ ಲಸಿಕೆಯಿಂದ ಕಾಡಿಗೆ ಪೂರ್ತಿ ರಕ್ಷಣೆ ಸಿಕ್ಕೀತೆಂದು ನಾವು ಹೇಳುವುದಿಲ್ಲ. ಆದರೆ ನಾಯಿಗೆ, ಮನೆಯ ಮಕ್ಕಳಿಗೆ, ತೋಟದ ಆಳುಗಳಿಗೆ ಸಿಗುವ ರಕ್ಷಣೆ ಖಂಡಿತ. ಕಾಡಿನ ಪಾಲಿಗೆ ಅದು ಮೇಲಿನ ಲಾಭ.

ಪ್ರಶ್ನೆ ಕೇಳಿದ ಸದಸ್ಯರು ಹೊಸ ಮರಿಯೊಂದನ್ನು ತಂದಿದ್ದಾರೆ. ಅದಕ್ಕೆ ಮೊದಲ ಸೂಜಿ ಹಾಕಿಸಿಯೂ ಆಯಿತೆಂದು ತಿಳಿದು ಸಂತೋಷವಾಗಿದೆ. ಉಳಿದವರು ತಮ್ಮ ಮನೆಯಲ್ಲೂ ಲೈನಿನಲ್ಲೂ ಇರುವ ನಾಯಿಗಳ ಸಂಖ್ಯೆಯನ್ನು ಬರೆದುಕೊಂಡು ಮುಂದಿನ ಸಭೆಗೆ ಬರಬೇಕಾಗಿ ವಿನಂತಿ. ಲೆಕ್ಕ ಕೈಗೆ ಬಂದರೆ ಪಶುವೈದ್ಯರನ್ನು ಕರೆಸಿ ಒಂದೇ ದಿನದಲ್ಲಿ ಕೆಲಸ ಮುಗಿಸುವ ಏರ್ಪಾಡನ್ನು ಎಲ್ಲರೂ ಕೂಡಿ ಯೋಚಿಸೋಣ.